ಬೇನೆ ಕಡಿಮೆಯಾದ ದಿನ

ಕೋವಿಡ್ ಅಲೆಗಳು ಅಡಗಿದ ಮರುವರ್ಷ ನಾನು ಚಿತ್ತಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಸುತ್ತಮುತ್ತ ಶಹಾಬಾದ್ ಕಲ್ಲನ್ನು ಕೊಯ್ದು ಪಾಲಿಶ್ ಮಾಡುವ ಘಟಕಗಳು. ಸೊಂಟ ಹಿಡಿದುಕೊಂಡು ಬರುವ ಹಮಾಲರು ಎಷ್ಟು ಸಾಮಾನ್ಯವೆಂದರೆ, ಅವರು ಕೂರುವ ಮೊದಲೇ ನಾನು ಚೀಟಿ ಬರೆಯತೊಡಗುತ್ತಿದ್ದೆ.

ಮರೆಪ್ಪನೂ ಒಂದು ಸೋಮವಾರ ಹಾಗೆಯೇ ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ನಾಲ್ವರು ಸೇರಿ ಚಪ್ಪಡಿ ಎತ್ತುವಾಗ ಒಬ್ಬನ ಕೈ ಜಾರಿ, ಭಾರವೆಲ್ಲ ಇವನ ಮೇಲೆ ಬಿದ್ದಿತ್ತು. ಇಂಜೆಕ್ಷನ್ ಕೊಟ್ಟು, ಒಂದು ವಾರ ಭಾರ ಎತ್ತಬೇಡಿ ಎಂದೆ. ಬಾಗಿಲ ಬಳಿ ತಿರುಗಿ ನಿಂತು, "ತೊಡಿ ಒಳಗ ಜೋಮು ಹಿಡದಂಗ ಆಗ್ಯಾದ್ರಿ," ಅಂದ. ಅಷ್ಟರಲ್ಲಿ ನಾನು ಮುಂದಿನವರನ್ನು ಕರೆದಾಗಿತ್ತು. "ಗುಳಿಗಿ ತಗೋರಿ, ಹೋಗ್ತದ," ಎಂದುಬಿಟ್ಟೆ.

ಗುರುವಾರ ಬೆಳಿಗ್ಗೆ ಅವನ ಹೆಂಡತಿ ಸಾಬಮ್ಮ ಒಬ್ಬಳೇ ಬಂದಳು.

"ಬ್ಯಾನಿ ಭಾಳ ಕಮ್ಮಿ ಆಗ್ಯಾದ್ರಿ ಮೇಡಮ್. ಕೆಲಸಕ್ಕ ಹೋಗ್ಯಾರ. ಆದ್ರ ಕಾಲಾಗಿನ ಚಪ್ಪಲ್ ಕಳಚಿ ಬಿದ್ರೂ ಅವರಿಗಿ ಗೊತ್ತಾಗವಲ್ದು."

ನಾನು ಪೆನ್ನು ಕೆಳಗಿಟ್ಟೆ. "ಒಂದಕ್ಕ ಹೋಗ್ಯಾರೇನು?"

ಅವಳು ತಲೆ ತಗ್ಗಿಸಿದಳು. "ನಿನ್ನಿ ಮಧ್ಯಾಹ್ನದಿಂದ ಇಲ್ರಿ. ಹೆಣ್ಣು ಡಾಕ್ಟರ್ ಮುಂದ ಹೇಳಬ್ಯಾಡ ಅಂದಾರ."

ಬೆನ್ನೆಲುಬುಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸರಿದು ಕೆಳಗಿನ ನರಗಳ ಕಟ್ಟನ್ನೇ ಅದುಮಿದಾಗ ಹೀಗಾಗುತ್ತದೆ. ವೈದ್ಯರು ಇದನ್ನು ಕಾಡಾ ಇಕ್ವೈನಾ ಸಿಂಡ್ರೋಮ್ ಎನ್ನುತ್ತಾರೆ. ಗಂಟೆಗಳು ಕಳೆದಷ್ಟೂ ನರಗಳು ಸಾಯುತ್ತವೆ. ಅವನ ಬೇನೆ ಇಳಿದದ್ದು ಗುಣವಾಗಿ ಅಲ್ಲ, ನರಗಳು ಅರಿವು ಕಳೆದುಕೊಳ್ಳುತ್ತಿದ್ದುದರಿಂದ.

ಆಂಬುಲೆನ್ಸ್ ಹತ್ತಿ ಘಟಕಕ್ಕೆ ಹೋದೆವು. ಕಲ್ಲುಪುಡಿಯ ಕೆಸರು ಹರಡಿದ ಅಂಗಳದಲ್ಲಿ ಮರೆಪ್ಪ ಚಪ್ಪಡಿಯ ಮೂಲೆಗೆ ಕೈ ಹಾಕಿ ಬಾಗಿದ್ದ. "ಎತ್ತಬ್ಯಾಡ್ರಿ!" ಎಂದು ಕೂಗಿದೆ. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸಾಬಮ್ಮ ಓಡಿಹೋಗಿ ಆ ಚಪ್ಪಡಿಯ ಮೇಲೆಯೇ ಕುಳಿತುಬಿಟ್ಟಳು.

ಅವನನ್ನು ಆಂಬುಲೆನ್ಸಿನಲ್ಲಿ ಮಲಗಿಸಿ ತೊಡೆಯ ಒಳಬದಿಗೆ ಸೂಜಿಮೊನೆ ತಾಗಿಸಿದೆ.

"ಯಾವಾಗ ಚುಚ್ಚತೀರಿ ಮೇಡಮ್?" ಎಂದು ಕೇಳಿದ.

ಮೂರು ಸಲ ಚುಚ್ಚಿಯಾಗಿತ್ತು.

ಮೂತ್ರದ ನಳಿಕೆ ಹಾಕಿದಾಗ ಚೀಲ ತುಂಬುತ್ತಲೇ ಹೋಯಿತು. ಅಂದೇ ಕಲಬುರಗಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ನಾಲ್ಕು ತಿಂಗಳಿಗೆ ಕೋಲು ಹಿಡಿದು ನಡೆದ. ಮೂತ್ರದ ಹತೋಟಿ ಮಾತ್ರ ಮರಳಲಿಲ್ಲ. ಇಂದಿಗೂ ದಿನಕ್ಕೆ ನಾಲ್ಕು ಸಲ ತಾನೇ ನಳಿಕೆ ಹಾಕಿಕೊಳ್ಳುತ್ತಾನೆ.

ಒಮ್ಮೆ ಅವನೆದುರು ನನ್ನ ತಪ್ಪು ಒಪ್ಪಿಕೊಂಡೆ. "ನಾನರ ಪೂರಾ ಎಲ್ಲಿ ಹೇಳಿದ್ನಿರಿ? ನಾಚಿಕಿ ಬಂತು," ಅಂದ. ಅದು ನನಗೆ ಸಮಾಧಾನ ಕೊಡಲಿಲ್ಲ. ರೋಗಿ ಹೇಳಲು ನಾಚುವುದನ್ನು ಕೇಳಿ ತಿಳಿಯುವುದೇ ನನ್ನ ಕೆಲಸವಾಗಿತ್ತು.

ಅಂದಿನಿಂದ ಸೊಂಟದ ರೋಗಿ ಬಂದರೆ ಉಳಿದವರನ್ನು ಹೊರಗೆ ಕಳಿಸಿ, ಮೊದಲು ಮೂತ್ರದ ಬಗ್ಗೆ ಕೇಳುತ್ತೇನೆ. ಹಲವರು ನೆಲ ನೋಡುತ್ತಾರೆ. ಅವರು ಬಾಯಿ ತೆರೆಯುವವರೆಗೆ ನಾನು ಚೀಟಿ ಬರೆಯುವುದಿಲ್ಲ.