ಗುಳ್ಳದ ಗಿಡಕ್ಕೆ ಸ್ನಾನದ ನೀರು

ನಮ್ಮ ಬೀದಿಯಲ್ಲಿ ಹಸಿರು ಹುಲ್ಲು ಕಂಡರೆ ಜನ ಮುಖ ಸಿಂಡರಿಸುತ್ತಿದ್ದ ಕಾಲ ಅದು. ಕ್ಯಾಲಿಫೋರ್ನಿಯಾಕ್ಕೆ ಮಳೆ ಕೈಕೊಟ್ಟು ವರ್ಷಗಳೇ ಆಗಿದ್ದವು. ನಾವಿದ್ದ ಸ್ಯಾನ್ ರಮೋನಿನ ಗುಡ್ಡಗಳು ಏಪ್ರಿಲ್ ಮುಗಿಯುವಷ್ಟರಲ್ಲಿ ಬೋಳಾಗಿ, ಜೂನಿಗೆಲ್ಲ ಗಾಳಿಯಲ್ಲಿ ಒಣಹುಲ್ಲಿನ ವಾಸನೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಮನೆ ಮುಂದಿನ ಲಾನು ಒಣಗಿಸಿಕೊಂಡವರೇ ಮರ್ಯಾದಸ್ಥರು. ಯಾರಾದರೂ ಸ್ಪ್ರಿಂಕ್ಲರು ಹಾಕಿದರೆ ನಾಯಿ ಹಿಡಿದುಕೊಂಡು ಹೋಗುವವರು ಕೂಡ ನಿಂತು ನೋಡಿ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು. ನೀವೂ ಆಗ ಈ ಕಡೆ ಇದ್ದವರಾದರೆ ನಿಮ್ಮ ಬಾತ್‌ರೂಮಿನಲ್ಲೂ ಒಂದು ಬಕೆಟ್ ಇದ್ದೇ ಇತ್ತು. ನಮ್ಮ ಮನೆಯಲ್ಲಿ ಅದು ಸ್ವಲ್ಪ ಅತಿಯೇ ಆಯಿತು ಅನ್ನಿ.

ನಾನಾಗ ಐದನೇ ಕ್ಲಾಸು ಮುಗಿಸಿದ್ದೆ. ಉಡುಪಿಯಿಂದ ಬಂದು ಎರಡು ವರ್ಷವಾಗಿತ್ತು. ಅಪ್ಪ ಬೆಳಗಾದರೆ ಫ್ರೀವೇ ಹಿಡಿದು ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಮ್ಮ ಊರಿನಲ್ಲಿ ಪಿಯು ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದಳು. ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಅವಳ ಕೈ ಹಿಡಿದು ನಡೆದರೆ ಯಾರಾದರೊಬ್ಬರು "ನಮಸ್ತೆ ಮೇಡಂ" ಎನ್ನದೆ ಇರುತ್ತಿರಲಿಲ್ಲ. ಇಲ್ಲಿ ಅಪ್ಪನ ವೀಸಾದ ಬಾಲ ಹಿಡಿದು ಬಂದವಳಿಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವಳು ಅದೇ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಬೆಳಗ್ಗೆ ಹೋಗುವಾಗಲೂ ಅಲ್ಲೇ ಕೂತಿದ್ದಳಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಅಮ್ಮ ನನ್ನ ಎದುರೇ ಹೇಳಿಬಿಟ್ಟಳು.

"ನನಗೆ ಈ ಮನೆಯಲ್ಲಿ ಮಾಡ್ಲಿಕ್ಕೆ ಎಂತ ಉಂಟು ಹೇಳಿ? ಪಾತ್ರೆ ತೊಳೀಲಿಕ್ಕೂ ಮೆಷಿನು, ಬಟ್ಟೆ ಒಣಗಿಸ್ಲಿಕ್ಕೂ ಮೆಷಿನು. ಪ್ರಿನ್ಸಿಪಾಲರು ಫೋನು ಮಾಡಿದ್ರು. ಚೌತಿಯ ಒಳಗೆ ಬಂದು ಸೇರಿದ್ರೆ ಸಾಕಂತೆ, ಅಲ್ಲಿವರೆಗೆ ಯಾರನ್ನಾದ್ರೂ ಹಾಕಿ ಸುಧಾರಿಸ್ತಾರಂತೆ. ನಾನು ಪುಟ್ಟಿಯನ್ನು ಕರ್ಕೊಂಡು ಹೋಗ್ತೇನೆ."

ಅಪ್ಪ ಸಾರಿನಲ್ಲಿ ಕೈಯಾಡಿಸಿದ. ಆಮೇಲೆ "ಒಂದು ಬೇಸಿಗೆ ನೋಡುವ ಸುಮನಾ. ಹಿತ್ತಲಲ್ಲಿ ಎಂತಾದ್ರೂ ಹಾಕು. ಅದೂ ಬೇಜಾರು ಬಂದ್ರೆ ನಾನೇ ಟಿಕೆಟ್ ಮಾಡಿ ಕೊಡ್ತೇನೆ" ಅಂದ.

ನಾನು ತುತ್ತು ತಟ್ಟೆಗೇ ಬಿಟ್ಟೆ. ಊರು ಬೇಡವೆಂದಲ್ಲ. ಅಪ್ಪ ಇಲ್ಲಿ, ನಾವು ಅಲ್ಲಿ ಎನ್ನುವ ಲೆಕ್ಕ ನನಗೆ ಬೇಡವಾಗಿತ್ತು. ನನ್ನ ಕ್ಲಾಸಿನ ಒಬ್ಬಳ ಅಪ್ಪ ಹಾಗೆಯೇ ಬೇರೆ ದೇಶದಲ್ಲಿ ಉಳಿದು ಕೊನೆಗೆ ಅಲ್ಲೇ ಬೇರೆ ಸಂಸಾರ ಮಾಡಿಕೊಂಡಿದ್ದ. ತೋಟ ಚೆನ್ನಾಗಿ ಬಂದರೆ ಅಮ್ಮ ಹೋಗುವುದಿಲ್ಲ, ಇಷ್ಟೇ ನನಗೆ ಅರ್ಥವಾದದ್ದು. ಆ ದಿನದಿಂದ ಅಮ್ಮನಿಗಿಂತ ತೋಟದ ಚಿಂತೆ ನನಗೇ ಜಾಸ್ತಿ.

ಹಿತ್ತಲು ಅಂದರೆ ಬಾಡಿಗೆ ಮನೆಯ ಹಿಂದಿನ ಒಂದು ಪಟ್ಟಿ ನೆಲ. ಅದನ್ನು ಮಣ್ಣು ಎನ್ನುವುದಕ್ಕಿಂತ ಹಂಚು ಎನ್ನಬೇಕು. ಅಪ್ಪ ಪಿಕಾಸಿ ಹಾಕಿದರೆ ಠಣ್ ಎಂದು ಕೈಗೇ ವಾಪಸು ಬರುತ್ತಿತ್ತು. ರಾತ್ರಿಯಿಡೀ ನೀರು ಬಿಟ್ಟು ನೆನೆಸಿ, ಮಾರನೆಯ ದಿನ ಅಗೆದು, ಗೊಬ್ಬರ ಬೆರೆಸಿ ಅಂತೂ ಸಾಲು ಮಾಡಿದರು. ಫ್ರೀಮಾಂಟಿನ ಉಡುಪಿಯವರೊಬ್ಬರ ಮನೆಯಿಂದ ಮಟ್ಟು ಗುಳ್ಳದ ಬೀಜ ತಂದಿದ್ದರು. ಉಂಡೆಯಾಗಿ, ತಿಳಿಹಸಿರಾಗಿ ಬಿಡುವ ನಮ್ಮೂರಿನ ಬದನೆ ಅದು. ತೆಂಗಿನಕಾಯಿ ಹಾಕದೆ ಬೋಳು ಹುಳಿ ಮಾಡಿದರೆ ಬೆಣ್ಣೆಯ ಹಾಗೆ ಕರಗುತ್ತದೆ. ಗುಳ್ಳ ನೆಲದಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದ ಕುಂಡದಲ್ಲಿ ಬಸಳೆ.

ಅಮ್ಮ ಕುರ್ಚಿ ಬಿಟ್ಟು ಎದ್ದದ್ದು ನನಗೆ ಮೊದಲು ಕಂಡಿತು. ಬೆಳಗ್ಗೆ ನಾನು ಹಲ್ಲುಜ್ಜುವಾಗ ಅವಳು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆಯ ಅಡಿ ತಿರುಗಿಸಿ ನೋಡುತ್ತಿದ್ದಳು. ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ತನ್ನದೇ ಹಳೆಯ ಕಾಟನ್ ಸೀರೆಯನ್ನು ಕೋಲುಗಳಿಗೆ ಕಟ್ಟಿ ಗಿಡಗಳಿಗೆ ಚಪ್ಪರ ಮಾಡಿದಳು. "ಮರುಭೂಮಿ ಮಾರಾಯ್ರೆ ಇದು, ಒಂಟೆ ಸಾಕ್ಬೇಕು ಇಲ್ಲಿ" ಎಂದು ಬೈಯುತ್ತಲೇ ಖುಷಿಯಾಗಿದ್ದಳು. ನಾನು ಆ ಸೀರೆಯ ನೆರಳಲ್ಲಿ ಕೂತು ಪುನರ್ಪುಳಿ ಶರಬತ್ತಿನ ಐಸ್ ಚೀಪುತ್ತಿದ್ದೆ. ಬಚಾವಾದೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ಸ್ಯಾನ್ ರಮೋನಿನಲ್ಲಿ ನೀರಿನ ನಿಯಮ ಇನ್ನೂ ಬಿಗಿಯಾಯಿತು. ಮನೆಯ ಮಾಲೀಕ ಬಂದು ಹಿತ್ತಲ ನಲ್ಲಿಗೆ ಬೀಗ ಹಾಕಿಕೊಂಡು ಹೋದ. ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಆ ಬೀಗ ನೋಡಿದಳು. ಆಮೇಲೆ ಒಳಗೆ ಬಂದು ಕಾನೂನು ಹೊರಡಿಸಿದಳು. ಇನ್ನು ಮೇಲೆ ಯಾರೂ ಶವರಿನ ಕೆಳಗೆ ನಿಲ್ಲತಕ್ಕದ್ದಲ್ಲ. ಟಬ್ಬಿನ ಬಿರಟೆ ಹಾಕಿ, ಬಕೆಟ್ ಇಟ್ಟುಕೊಂಡು, ಊರಿನ ಹಾಗೆ ಚೆಂಬಿನಲ್ಲಿ ಸ್ನಾನ. ಟಬ್ಬಿನಲ್ಲಿ ನಿಂತ ನೀರೆಲ್ಲ ತುಂಬಿಕೊಂಡು ಮಹಡಿ ಮೆಟ್ಟಿಲಿಳಿದು ಗುಳ್ಳದ ಬುಡಕ್ಕೆ.

ಹೊರುವ ಕೆಲಸ ನನ್ನದು. ಮೆಟ್ಟಿಲ ಕಾರ್ಪೆಟ್ಟಿನ ಮೇಲೆ ಚೆಲ್ಲದಂತೆ ಇಳಿಯುವುದೇ ಒಂದು ಆಟವಾಯಿತು. ಹಿತ್ತಲ ಸಿಮೆಂಟು ಬರಿಗಾಲಿಗೆ ಚುರ್ ಎನ್ನುತ್ತಿತ್ತು, ಅಲ್ಲಿ ಮಾತ್ರ ಓಟ. ಬೇಲಿಯಾಚೆಯ ಅಜ್ಜ ಒಬ್ಬರು ನಮ್ಮ ಹಸಿರು ನೋಡಿ ಅನುಮಾನದಿಂದ ಇಣುಕಿ, ಇದು ಎಲ್ಲಿಯ ನೀರು ಎಂದು ಕೇಳಿದರು. ಸ್ನಾನದ ನೀರು ಎಂದೆ. ಯಾರ ಸ್ನಾನದ್ದು ಎಂದರು. ಅಪ್ಪಂದು ಎಂದೆ. ಅವರು ಮತ್ತೆ ಇಣುಕಲಿಲ್ಲ.

ಎರಡು ಮೂರು ವಾರ ಕಳೆಯಿತು. ಗುಳ್ಳದ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗತೊಡಗಿತು. ಬುಡದಲ್ಲಿ ಬಿಳಿ ಬಿಳಿ ಪುಡಿ. ಅಮ್ಮ ಅದನ್ನು ಉಗುರಿನಲ್ಲಿ ಕೆರೆದು ನೋಡಿ "ಸೋಪು" ಅಂದಳು. ಅಲ್ಲಿಗೆ ಮನೆಯಿಂದ ಸೋಪು, ಶಾಂಪೂ ಎಲ್ಲ ಗಡೀಪಾರು. ಮೈಗೆ ಕಡ್ಲೆಹಿಟ್ಟು, ತಲೆಗೆ ಸೀಗೆಪುಡಿ.

"ನೋ ವೇ ಅಮ್ಮ! ಐ ಹ್ಯಾವ್ ಸ್ವಿಮ್ ಕ್ಯಾಂಪ್!" ಎಂದು ನಾನು ಕಿರುಚಿದೆ.

"ಈಜುಕೊಳದಲ್ಲಿ ಯಾರು ಮೂಸ್ತಾರೆ ನಿನ್ನನ್ನು? ತಲೆ ಬಗ್ಗಿಸು."

ಕಣ್ಣಿಗೆ ಸೀಗೆಪುಡಿ ಬಿದ್ದ ಉರಿ ನೆನೆದರೆ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಆದರೆ ತೋಟದ ವಿಷಯವಲ್ಲವೇ, ತಡೆದುಕೊಂಡೆ. ಅಪ್ಪನ ಪಾಡು ಇನ್ನೂ ಚಂದ. "ಮೀಟಿಂಗಿನಲ್ಲಿ ನನ್ನ ಪಕ್ಕ ಕೂತವ, ಯಾರೋ ಬಜ್ಜಿ ತಂದಿದ್ದಾರೆ ಅಂತ ಸುತ್ತ ಹುಡುಕಿದ ಮಾರಾಯ್ತಿ" ಎಂದು ಗೋಳಾಡಿದ. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವಳು ಹಾಗೆ ನಕ್ಕದ್ದನ್ನು ಅಮೆರಿಕಕ್ಕೆ ಬಂದ ಮೇಲೆ ನಾನು ನೋಡಿರಲಿಲ್ಲ.

ಕಡ್ಲೆಹಿಟ್ಟಿನಿಂದಲೂ ಏನೂ ಆಗಲಿಲ್ಲ. ಎಲೆಗಳು ಒಂದೊಂದಾಗಿ ಸುರುಟಿ ಬಿದ್ದವು. ಹೂವು ಕಾಯಿ ಕಟ್ಟದೆ ಉದುರಿತು. ಅಡುಗೆಮನೆ ಬಾಗಿಲಿನ ಬಸಳೆ ಮಾತ್ರ ಯಾರ ಹಂಗೂ ಇಲ್ಲದೆ ಹಬ್ಬುತ್ತಿತ್ತು. ಅದಕ್ಕೆ ಅಮ್ಮ ಅಕ್ಕಿ ತೊಳೆದ ಅಕ್ಕಚ್ಚು ಹಾಕುತ್ತಿದ್ದಳು ಅಷ್ಟೆ. ಒಂದು ಶನಿವಾರ ಸ್ನಾನ ಮುಗಿಸಿ ಬಂದ ಅಪ್ಪನನ್ನು ಅಮ್ಮ ಬಾಗಿಲಲ್ಲೇ ತಡೆದಳು.

"ತಲೆ ಇತ್ತ ತನ್ನಿ."

ಅಪ್ಪ ತಂದ. ಅಮ್ಮ ಮೂಸಿದಳು. ಶಾಂಪೂ.

"ಒಂದೇ ದಿನ ಹಾಕಿದ್ದು ಸುಮನಾ, ವಾಸನೆ ಇನ್ನೂ ಹೋಗ್ಲಿಲ್ಲ. ಆಫೀಸಿನ ದೊಡ್ಡವರು ಬಂದಿದ್ರು ನಿನ್ನೆ…"

"ನಾನು ಇಲ್ಲಿ ಸಾಯ್ತಾ ಇದ್ದೇನೆ, ನಿಮಗೆ ತಲೆಯ ಕೂದಲಿನ ಚಿಂತೆ" ಎಂದಳು ಅಮ್ಮ. ಕೂಗಲಿಲ್ಲ. ಕೂಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. "ಸಾಕು. ಟಿಕೆಟ್ ಮಾಡಿ. ಇಬ್ಬರಿಗೆ."

ಅಪ್ಪ ಲ್ಯಾಪ್‌ಟಾಪು ತೆರೆದ. ಪರದೆಯ ಮೇಲೆ ವಿಮಾನಗಳು ಸಾಲಾಗಿ ಬಂದವು. ಸ್ವಲ್ಪ ನೋಡಿದವನು ಎದ್ದು ಗರಾಜಿಗೆ ಹೋದ. ಬೇಜಾರಾದಾಗ ಅಪ್ಪ ಮನೆಯ ಬಾಕಿ ಕೆಲಸ ಮಾಡುವುದು ವಾಡಿಕೆ. ನಾನೂ ಹಿಂದೆ ಹೋದೆ. ಮೂಲೆಯಲ್ಲಿ ಒಂದು ಎತ್ತರದ ಡಬ್ಬಿಯಿತ್ತು, ಮನೆಗೆ ಬಂದ ದಿನ ಮಾಲೀಕ ತೋರಿಸಿದ್ದು. ಅಪ್ಪ ಭಾರದ ಚೀಲವೊಂದನ್ನು ಎತ್ತಿ ಅದರ ಬಾಯಿಗೆ ಸುರಿಯತೊಡಗಿದ. ಜಗಳ ಪೂರ್ತಿ ಮಾಡಲೆಂದೋ ಏನೋ ಅಮ್ಮನೂ ಬಂದು ಬಾಗಿಲಲ್ಲಿ ನಿಂತಳು.

"ಅದೆಂತದು?"

"ಸಾಫ್ಟನರಿಗೆ ಉಪ್ಪು."

"ಉಪ್ಪಾ?"

"ಹೌದು. ತಿಂಗಳಿಗೊಮ್ಮೆ ಹಾಕ್ಬೇಕು ಅಂದಿದ್ದಾರೆ. ಇಲ್ಲಿ ಗಡಸು ನೀರು ಅಂತೆ, ಈ ಡಬ್ಬಿ ಅದನ್ನು ಮೆದು ಮಾಡ್ತದಂತೆ."

ಅಮ್ಮ ಹಣೆಗೆ ಕೈ ಹೊಡೆದುಕೊಂಡಳು. ಟಪ್ ಎಂಬ ಸದ್ದು ನನಗೆ ಕೇಳಿಸಿತು. "ಅಯ್ಯೋ ಪರಮಾತ್ಮಾ! ಪ್ರತಿ ವರ್ಷ ಪಾಠ ಮಾಡಿದ್ದೇನೆ ಮಾರಾಯ್ರೆ ಇದನ್ನು! ಮಕ್ಕಳಿಗೆ ಬಾಯಿಪಾಠ ಮಾಡ್ಸಿದ್ದೇನೆ! ಕಡಲ ಬುಡದಲ್ಲಿ ಹುಟ್ಟಿದವಳಿಗೆ ಗಿಡದ ಬುಡದ ಉಪ್ಪು ಗೊತ್ತಾಗ್ಲಿಲ್ಲ!"

ನಮಗಿಬ್ಬರಿಗೂ ತಲೆಬುಡ ತಿಳಿಯಲಿಲ್ಲ. ಅಮ್ಮ ಸುತ್ತ ನೋಡಿ, ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಬರೆಯುವ ದಪ್ಪ ಗುಲಾಬಿ ಸೀಮೆಸುಣ್ಣ ತೆಗೆದುಕೊಂಡಳು. ಗರಾಜಿನ ನೆಲದ ಮೇಲೆ ಒಂದು ಬಸ್ಸು ಬರೆದಳು.

"ನೋಡಿ, ಡಬ್ಬಿಯೊಳಗೆ ಇರುವುದು ಈ ಬಸ್ಸು. ಸೀಟಿನಲ್ಲಿ ಪೂರ್ತಿ ಸೋಡಿಯಂ ಕೂತಿದೆ. ಸೋಡಿಯಂ ಸಪೂರ, ಒಬ್ಬನಿಗೆ ಒಂದೇ ಸೀಟು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬರ್ತದೆ. ಅದಕ್ಕೆ ಎರಡು ಸೀಟು ಬೇಕು. ಒಂದು ಕ್ಯಾಲ್ಸಿಯಂ ಹತ್ತಿದ್ರೆ ಎಷ್ಟು ಸೋಡಿಯಂ ಇಳೀಬೇಕು? ಪುಟ್ಟಿ?"

"ಎರಡು" ಎಂದೆ.

"ಇಳಿದದ್ದು ಎಲ್ಲಿಗೆ ಹೋಯ್ತು?"

ಅಪ್ಪ ನಿಜವಾಗಿಯೂ ಕೈ ಎತ್ತಿದ. "ನಮ್ಮ ಬಾತ್‌ರೂಮಿಗೆ."

"ಅಲ್ಲಿಂದ?"

"ಗುಳ್ಳದ ಬುಡಕ್ಕೆ."

"ಸರಿ. ಬಸ್ಸು ತುಂಬ ಕ್ಯಾಲ್ಸಿಯಂ ಆದ ಮೇಲೆ ಉಪ್ಪುನೀರು ಹಾಕಿ ಅದನ್ನು ದೂಡಿ, ಪುನಃ ಸೋಡಿಯಂ ಕೂರಿಸುವುದು. ಅದಕ್ಕೆ ಈ ಚೀಲ. ಹಿತ್ತಲ ನಲ್ಲಿಗೆ ಈ ಪೈಪು ಇಲ್ಲ. ಅಡುಗೆಮನೆಯ ತಣ್ಣೀರಿಗೂ ಇರ್ಲಿಕ್ಕಿಲ್ಲ. ಬಸಳೆ ಯಾಕೆ ಬದುಕಿತು, ಈಗ ಯಾರು ಹೇಳ್ತೀರಿ?"

ಅವಳ ದನಿಯೇ ಬದಲಾಗಿತ್ತು. ಇರುವವರು ನಾವಿಬ್ಬರು, ಅದೂ ಕೈಗೆಟಕುವಷ್ಟು ದೂರದಲ್ಲಿ. ಅವಳು ಮಾತ್ರ ಕೊನೆಯ ಬೆಂಚಿಗೆ ಕೇಳುವ ಹಾಗೆ ಮಾತಾಡುತ್ತಿದ್ದಳು. ನೆಲದಿಂದ ಎದ್ದು, ಸೆರಗಿಲ್ಲದ ಚೂಡಿದಾರದ ಭುಜವನ್ನೇ ಸೆರಗು ಎಂಬಂತೆ ಸರಿಮಾಡಿಕೊಂಡು, ಪೈಪು ತೋರಿಸಿ, ಮತ್ತೆ ಬಗ್ಗಿ ಬರೆದಳು. ಮಧ್ಯೆ ಒಂದು ತಮಾಷೆ ಮಾಡಿ ನಾವು ನಗುವವರೆಗೆ ಕಾದಳು. ನನಗೆ ಹೆಮ್ಮೆ ಉಕ್ಕಿ ಬಂತು. ಅಪ್ಪನ ಮುಖ ನೋಡಿದೆ. ಅವನು ನಗುತ್ತಿದ್ದರೂ ಕಣ್ಣು ಬೇರೆ ಏನನ್ನೋ ಹೇಳುತ್ತಿತ್ತು. ಅದು ಏನೆಂದು ನನಗೆ ಆಗ ಹೊಳೆಯಲಿಲ್ಲ.

"ಇನ್ನೆಂತ ಮಾಡುವುದು?" ಅಂದ ಅಪ್ಪ.

"ಇದನ್ನು ಬಂದ್ ಮಾಡಿ. ಜಿಪ್ಸಂ ಸಿಗ್ತದಾ ನೋಡಿ. ಅದರಲ್ಲಿ ಕ್ಯಾಲ್ಸಿಯಂ ಉಂಟು. ಮಣ್ಣಿನಲ್ಲಿ ಕೂತ ಸೋಡಿಯಂ ಎಬ್ಬಿಸಿ ಓಡಿಸ್ತದೆ."

"ಟಿಕೆಟ್?"

ಅಮ್ಮ ಕೈಯ ಸುಣ್ಣ ಜಾಡಿಸಿದಳು. "ಮಣ್ಣು ಹಾಳು ಮಾಡಿಟ್ಟು ಎಲ್ಲಿಗೆ ಹೋಗುವುದು? ಕಾಯಿ ಬಿಡ್ಲಿ, ಆಮೇಲೆ ನೋಡುವ."

ನಾನು ಗರಾಜಿನಲ್ಲೇ ಕುಣಿದೆ. ಅದೇ ಮಧ್ಯಾಹ್ನ ಜಿಪ್ಸಂ ಬಂತು. ಅಡುಗೆಮನೆಯ ನೀರು ಹೊತ್ತು ಹೊತ್ತು ಮಣ್ಣು ತೊಳೆದೆವು. ಬಕೆಟ್ ಸ್ನಾನ ಮುಂದುವರಿಯಿತು, ಅಪ್ಪನಿಗೆ ಶಾಂಪೂ ಹಾಕಲು ಅನುಮತಿ ಸಿಕ್ಕಿತು. ಅರ್ಧದಷ್ಟು ಗಿಡ ಸತ್ತವು. ಉಳಿದವು ಆಗಸ್ಟಿನ ಬೆಂಕಿಬಿಸಿಲಿನಲ್ಲೇ ಹೊಸ ಎಲೆ ತೆಗೆದವು.

ಚೌತಿ ಹತ್ತಿರ ಬಂದಾಗ ಒಂದು ಬೆಳಗ್ಗೆ ಪ್ರಿನ್ಸಿಪಾಲರ ಫೋನು ಬಂತು. ಅಮ್ಮ ಅಕ್ಕಿ ತೊಳೆಯುತ್ತಿದ್ದಳು. ಕೈ ಒದ್ದೆಯೆಂದು ಸ್ಪೀಕರಿಗೆ ಹಾಕಿದಳು.

"ಎಂತ ಮೇಡಂ, ಬರ್ತೀರಾ? ಮಕ್ಕಳು ಕೇಳ್ತಿದ್ದಾರೆ."

ಗುಳ್ಳದ ಗಿಡದಲ್ಲಿ ಆಗಷ್ಟೇ ಪುಟ್ಟ ಕಾಯಿಗಳು ಕಂಡಿದ್ದವು. ಅಮ್ಮ ಕಿಟಕಿಯಿಂದ ಹೊರಗೆ ನೋಡಿದಳು, ನನ್ನನ್ನು ನೋಡಿದಳು.

"ಇಲ್ಲ ಸರ್. ನನ್ನ ಜಾಗಕ್ಕೆ ಬೇರೆಯವರನ್ನು ತೆಗೊಳ್ಳಿ."

ಫೋನಿಟ್ಟು, ಪಾತ್ರೆ ಬಗ್ಗಿಸಿ ಅಕ್ಕಚ್ಚನ್ನೆಲ್ಲ ಸಿಂಕಿಗೆ ಚೆಲ್ಲಿದಳು. ಆ ಬೇಸಿಗೆಯಿಡೀ ಒಂದು ಹನಿ ಬಿಟ್ಟುಕೊಟ್ಟವಳಲ್ಲ. "ಅಮ್ಮಾ, ನೀರು!" ಎಂದು ನಾನು ಕೂಗಿದೆ. ಅವಳು "ಹೌದಲ್ಲಾ" ಎಂದು ಖಾಲಿ ಪಾತ್ರೆ ನೋಡುತ್ತ ನಿಂತಳು.

ಸೆಪ್ಟೆಂಬರಿನಲ್ಲಿ ಗುಳ್ಳ ಕೊಯ್ದೆವು. ಬೋಳು ಹುಳಿ ಮಾಡಿದಳು, ಸುಟ್ಟು ಗೊಜ್ಜು ಮಾಡಿದಳು. ಅಂಥ ರುಚಿ ಮತ್ತೆ ಸಿಕ್ಕಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು, ಅಪ್ಪ ಅಮ್ಮ ಇಬ್ಬರೂ ಒಂದೇ ಮೇಜಿನಲ್ಲಿದ್ದರು.

ಆಮೇಲೆ ಮಳೆಗಳು ಬಂದವು. ಸ್ಯಾನ್ ರಮೋನಿನಲ್ಲೇ ಸ್ವಂತ ಮನೆಯಾಯಿತು. ಈಗ ತೋಟಕ್ಕೆ ಡ್ರಿಪ್ಪು, ಡ್ರಿಪ್ಪಿಗೆ ಟೈಮರು. ಗುಳ್ಳ ಬೇಕಾದಷ್ಟು ಬಿಡುತ್ತದೆ. ಮನೆಗೆ ಹೋದಾಗ ಯಾರು ಯಾವಾಗ ಸ್ನಾನ ಮಾಡಿದರೆಂದು ಯಾರಿಗೂ ಗೊತ್ತಿರುವುದಿಲ್ಲ. ಅಮ್ಮನಿಗೆ ಕೆಲಸದ ಅನುಮತಿ ಸಿಕ್ಕಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಇಲ್ಲಿ ಪಾಠ ಮಾಡಬೇಕಾದರೆ ಮತ್ತೆ ಓದಬೇಕು, ಮತ್ತೆ ಪರೀಕ್ಷೆ. "ಇನ್ನು ಯಾರು ಮಾಡ್ತಾರೆ ಅದನ್ನು" ಎಂದು ಒಂದು ಹಲ್ಲಿನ ಕ್ಲಿನಿಕ್ಕಿನ ಮುಂದಿನ ಮೇಜಿಗೆ ಸೇರಿಕೊಂಡಳು. ಎಲ್ಲರಿಗೂ ಅವಳೆಂದರೆ ಇಷ್ಟ. ಅಲ್ಲಿ ಅವಳನ್ನು ಸುಮನಾ ಎನ್ನದೆ ಬರೀ ‘ಸು’ ಎನ್ನುತ್ತಾರೆ.

ಹೋದ ತಿಂಗಳು ಮೌಂಟನ್ ವ್ಯೂನಲ್ಲಿ ನನ್ನ ಅಪಾರ್ಟ್‌ಮೆಂಟಿನ ಪಕ್ಕದವರ ಹುಡುಗಿಗೆ ಕೆಮಿಸ್ಟ್ರಿ ಹೇಳಿಕೊಡುವವರು ಬೇಕಾಗಿತ್ತು. ನಾನು ಉತ್ಸಾಹದಿಂದ ಅಮ್ಮನಿಗೆ ಫೋನು ಮಾಡಿದೆ.

"ನನಗೆ ಎಲ್ಲ ಮರ್ತು ಹೋಗಿದೆ ಪುಟ್ಟಿ" ಎಂದಳು. ನಕ್ಕೇ ಹೇಳಿದಳು. "ಬೇರೆ ಯಾರನ್ನಾದ್ರೂ ನೋಡ್ಲಿಕ್ಕೆ ಹೇಳು."

ಫೋನಿಟ್ಟ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಆ ಬೇಸಿಗೆಯಲ್ಲಿ ಅಮ್ಮ ನನಗೆ ಉಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ನಮಸ್ತೆ ಎನ್ನುತ್ತಿದ್ದ ಆ ಮೇಡಂ ಯಾರಿಗೂ ಉಳಿಯಲಿಲ್ಲ. ಅಮೆರಿಕದಲ್ಲಿ ಅವರು ಒಂದೇ ಒಂದು ಪಾಠ ಮಾಡಿದರು, ಆ ಗರಾಜಿನಲ್ಲಿ; ನಾನು ಅದನ್ನು ಪೂರ್ತಿ ಕೇಳಿದ್ದೇನೆ.