ಕೆಂಪು ಮಷೀನಿನ ನಂಬಿಕೆ

ಲಿಂಗಸುಗೂರಿನ ಯಂಕೋಬ ದೊಡ್ಡನೆಕ್ಕುಂದಿಯ ಟೆಕ್ ಪಾರ್ಕಿನಲ್ಲಿ ಹುಲ್ಲು ಕತ್ತರಿಸುತ್ತಾನೆ. ಅವನ ಹೆಗಲೇರುವ ಪೆಟ್ರೋಲ್ ಮಷೀನುಗಳು ಎರಡು. ಹಸಿರು ಬಣ್ಣದ್ದು ಒಂದೇ ಎಳೆತಕ್ಕೆ ಶುರುವಾಗಿ ಸಂಜೆಯವರೆಗೂ ನಿಲ್ಲುವುದಿಲ್ಲ. ಮನೆಯಲ್ಲಿ ರೊಟ್ಟಿ ಮುರಿಯುವಾಗಲೂ ಅದರ ನಡುಕ ಕೈಯಲ್ಲೇ ಇರುತ್ತದೆ. ಕೆಂಪು ಬಣ್ಣದ್ದು ಕಾದರೆ ನಿಂತುಬಿಡುತ್ತದೆ. ತಣ್ಣಗಾಗುವ ತನಕ ಜಪ್ಪಯ್ಯ ಅಂದರೂ ಶುರುವಾಗುವುದಿಲ್ಲ. ಆಗ ಯಂಕೋಬ ಹೊಂಗೆಮರದ ಕೆಳಗೆ ಕಾಲು ಚಾಚುತ್ತಾನೆ.

ಹೊಸ ಮಷೀನು ಕೊಳ್ಳುವ ಮುನ್ನ ಸೂಪರ್‌ವೈಸರ್ ಶಶಿಕುಮಾರ್ ಕೇಳಿದ: “ಎರಡ್ರಲ್ಲಿ ಯಾವ ಇಂಜಿನ್ನ ನಂಬಬೋದು, ಗುರು?”

“ಕೆಂಪಂದ್ರಿ.”

“ಅದು ಗಂಟೆಗೊಂದ್ಸಲ ಕೈ ಕೊಡುತ್ತಲ್ಲೋ!”

ಯಂಕೋಬ ಸಿಡುಕಿದ: “ಅದಕ್ಕ ನಂಬೀನ್ರಿ. ಅದು ನಿಂತಾಗಷ್ಟ ನೀವು ನನ್ನ ಕುಂದ್ರಾಕ ಬಿಡ್ತೀರಿ.”