ವಿ. ಎಲ್. ಅಂದರೆ ವಿ. ಎಲ್.

ಬೆಳಗಿನಿಂದ ಮಿಸೆಸ್ ಯೂಲಾ ಗ್ರಿಯರ್ ಅಡುಗೆಮನೆಯ ನೆಲವನ್ನು ಎರಡು ಸಲ ಒರೆಸಿದ್ದರು. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ರುಚಿ ನೋಡಿದರು, ಮೂರು ಸಲವೂ ಮರೆತರು. ಎಂಬತ್ತು ವರ್ಷದ ಮಂಡಿ ಕೂತುಕೋ ಎನ್ನುತ್ತಿತ್ತು, ಮನಸ್ಸು ಕೂರಲು ಬಿಡುತ್ತಿರಲಿಲ್ಲ. ಇಷ್ಟಕ್ಕೆಲ್ಲ ಕಾರಣ ಒಂದು ಹೆಸರು. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಅದನ್ನು ಕೋರ್ಟಿಗೆ ಹೇಳಬೇಕಿತ್ತು, ಇವತ್ತೇ ಶುಕ್ರವಾರ.

ಬೆಲ್‌ಫೋರ್ಡ್ ಕೋರ್ಟಿನ ಗೋಡೆಗೆ ಲಾಯರ್ ವಿ. ಎಲ್. ಟಾಲಿವರ್ ಅವರ ಹೆಸರಿನ ಹಿತ್ತಾಳೆ ಫಲಕ ಹಾಕುತ್ತಾರಂತೆ. ಬದುಕಿದ್ದಾಗ ಅವರನ್ನು ಪಕ್ಕದ ಬಾಗಿಲಿನಿಂದ ಒಳಗೆ ಬಿಡುತ್ತಿದ್ದ ಕೋರ್ಟು ಇದೇ. ಅವರು ತೀರಿಕೊಂಡು ಇಪ್ಪತ್ತಾರು ವರ್ಷವಾದ ಮೇಲೆ ಕಚೇರಿಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ವಿ ಅಂದ್ರೆ ಏನು, ಎಲ್ ಅಂದ್ರೆ ಏನು? ಬೇರೆ ಎಲ್ಲಾ ಫಲಕದಲ್ಲೂ ಪೂರ್ತಿ ಹೆಸರಿದೆ. ಇವರದ್ದು ಯಾವ ಕಾಗದದಲ್ಲೂ ಸಿಗ್ತಿಲ್ಲ."

ಸಿಗುವುದಾದರೂ ಹೇಗೆ? ಆ ಕಾಲದಲ್ಲಿ ಬಿಳಿಯರ ಬಾಯಲ್ಲಿ ಕರಿಯರಾದ ನಮ್ಮ ಜನರೆಲ್ಲ ಏಕವಚನವೇ. ತಲೆ ನರೆತ ಪಾದ್ರಿಯನ್ನು ಎಂಟು ವರ್ಷದ ಬಿಳಿ ಹುಡುಗಿ ಹೆಸರು ಹಿಡಿದು ಕರೆಯುತ್ತಿದ್ದಳು. ಅದೇ ಹುಡುಗಿಗೆ ಹನ್ನೆರಡು ತುಂಬುವಷ್ಟರಲ್ಲಿ ಪಾದ್ರಿ ಅವಳನ್ನು ಮಿಸ್ ಎನ್ನಬೇಕಿತ್ತು. ಅದಕ್ಕೆ ನಮ್ಮವರು ಒಂದು ಉಪಾಯ ಕಂಡುಕೊಂಡಿದ್ದರು. ಹೆಸರು ಗೊತ್ತಿದ್ದರೆ ತಾನೇ ಕರೆಯುವುದು? ಮಗುವಿಗೆ ಮನೆಯೊಳಗೆ ಒಂದು ಹೆಸರು, ಹೊರಗಿನವರಿಗೆ ಬರೀ ಎರಡು ಅಕ್ಷರ. ಲಾಯರ ತಾಯಿ ಝಿಪೋರಾ ಟಾಲಿವರ್, ಬಿಳಿಯರ ಬಟ್ಟೆ ಒಗೆದು ಮಗನನ್ನು ಸಾಕಿದವರು, ಸೂಲಗಿತ್ತಿಗೂ ಅಕ್ಷರಗಳನ್ನಷ್ಟೇ ಬರೆಸಿದ್ದರು. ಹೆಸರು ಬರೆದಿದ್ದ ಬೈಬಲ್ ಮನೆಯ ಜೊತೆಗೆ ಸುಟ್ಟುಹೋಯಿತು. ಈಗ ಆ ಹೆಸರು ಉಳಿದಿರುವುದು ಮಿಸೆಸ್ ಗ್ರಿಯರ್ ಅವರ ಹೊಟ್ಟೆಯಲ್ಲಿ ಮಾತ್ರ.

ಅವರು ಟೈಪಿಸ್ಟಾಗಿ ಟಾಲಿವರ್ ಅವರ ಬಳಿ ಸೇರಿದಾಗ ಇಪ್ಪತ್ತೆರಡು ವರ್ಷ. ಅಲಬಾಮಾದಲ್ಲಿ ನಮ್ಮವರಿಗೆ ಕಾನೂನು ಕಲಿಸುವ ಕಾಲೇಜು ಇರಲಿಲ್ಲ. ಟಾಲಿವರ್ ವಾಷಿಂಗ್ಟನ್ನಿಗೆ ಹೋಗಿ ಓದಿದರು. ಹೋದವರು ಅಲ್ಲೇ ಇರಲಿ ಎಂದು ಊರಿನ ಬಿಳಿ ದೊಡ್ಡಮನುಷ್ಯರು ಆಸೆಪಟ್ಟಿದ್ದರು, ಆದರೆ ಇವರು ವಾಪಸ್ ಬಂದರು. ಬಂದು ಶವಸಂಸ್ಕಾರ ನಡೆಸುವವರ ಮಹಡಿಯ ಮೇಲೆ ಆಫೀಸು ತೆರೆದರು. ವೋಟಿನ ಪಟ್ಟಿಗೆ ಹೆಸರು ಸೇರಿಸಿಕೊಳ್ಳದವರ ಮೇಲೆ ಕೇಸು, ಮಕ್ಕಳಿಗೆ ಶಾಲೆಯ ಬಸ್ಸು ಕೊಡದವರ ಮೇಲೆ ಕೇಸು. ಮದುವೆಗೆ ಪುರುಸೊತ್ತೇ ಆಗಲಿಲ್ಲ. ಅವರು ಕೂತು ಮಾತಾಡಿದ್ದನ್ನು ಕಂಡವರಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತ ಅರ್ಜಿ ಬರೆಸುತ್ತಿದ್ದರು, ನೆಲದ ಹಲಗೆ ಸವೆದಿತ್ತು. ಕೆಳಗಿನವರು ಮೆಟ್ಟಿಲ ಹತ್ತಿರ ನಿಂತು ಕೂಗುತ್ತಿದ್ದರು, "ಲಾಯರೇ, ಸ್ವಲ್ಪ ಮೆತ್ತಗೆ ನಡೀರಿ. ನಮ್ಮ ಹೆಣಗಳಿಗೆ ನಿದ್ದೆ ಬರ್ತಿಲ್ಲ."

"ಎಬ್ಬಿಸಿ ಕಳಿಸಿ, ಸಾಕ್ಷಿಗೆ ಜನ ಸಾಲ್ತಿಲ್ಲ," ಎನ್ನುತ್ತಿದ್ದರು ಇವರು.

ಸಾಕ್ಷಿ ಹೇಳಲು ಬಂದವರಿಗೆಲ್ಲ ಅವರು ಮೊದಲು ಕಲಿಸುತ್ತಿದ್ದದ್ದು ಒಂದೇ ಪಾಠ. ಮಿಸ್ಟರ್, ಮಿಸೆಸ್ ಎನ್ನದೆ ಬರೀ ಹೆಸರು ಹಿಡಿದು ಕರೆದರೆ ಬಾಯಿ ಬಿಡಬೇಡಿ. ಶಾಲೆಯ ಅಡುಗೆಯವರಾದ ಮಿಸೆಸ್ ಲಾಟಿ ಫ್ಯಾಂಬ್ರೋ ಹಾಗೇ ಮಾಡಿದರು. ಎದುರು ವಕೀಲ "ಲಾಟಿ, ಹೇಳು" ಎಂದ. ಆಕೆ ಕಿಟಕಿ ನೋಡಿದರು. ಮತ್ತೆ ಕೂಗಿದ. ಆಕೆ ಕೈಚೀಲ ತೆಗೆದು ಕರವಸ್ತ್ರ ಹುಡುಕತೊಡಗಿದರು. ಜಡ್ಜಿನ ಸಿಟ್ಟು ಆಕೆಯನ್ನು ಬಿಟ್ಟು ಟಾಲಿವರ್ ಕಡೆ ತಿರುಗಿತು.

"ಇದೆಲ್ಲಾ ನಿನ್ನ ಕಿತಾಪತಿ. ಏನೋ ನಿನ್ನ ಹೆಸರು?"

"ವಿ. ಎಲ್. ಟಾಲಿವರ್, ಮಹಾಸ್ವಾಮಿ."

"ವಿ ಅಂದ್ರೆ?"

"ವಿ ಅಂದ್ರೆ ವಿ."

"ಮನೇಲಿ ಏನಂತ ಕರೀತಾರೋ?"

"ಅದು ಮನೆಯವರಿಗೆ, ಮಹಾಸ್ವಾಮಿ."

ನ್ಯಾಯಾಲಯದ ನಿಂದನೆ ಎಂದು ಒಂಬತ್ತು ದಿನ ಜೈಲಾಯಿತು. ಆ ಒಂಬತ್ತು ದಿನವೂ ಯೂಲಾ ಜೋಳದ ಬ್ರೆಡ್ಡು, ಬೇಯಿಸಿದ ಗೆಣಸು ಕಟ್ಟಿಕೊಂಡು ಹೋದರು. ನಾಲ್ಕನೆಯ ದಿನ ಟಾಲಿವರ್ ಅವರ ಕಣ್ಣು ಊದಿಕೊಂಡಿತ್ತು. ಜಾರಿಬಿದ್ದ ಎಂದ ಕಾವಲಿನವನು. ಟಾಲಿವರ್ ಸರಳಿನ ಹತ್ತಿರ ಬಂದು, "ಮಿಸ್ ಯೂಲಾ, ಸ್ವಲ್ಪ ಬಗ್ಗಿ," ಎಂದು ಕಿವಿಯಲ್ಲಿ ಹೆಸರು ಹೇಳಿದರು. ಕೇಳಿ ಆಕೆಗೆ ಮೊದಲು ನಗು ಬಂತು, ಹಿಂದೆಯೇ ಅಳು. ಅಂಥ ಮುದ್ದಿನ ಹೆಸರು. ಅದು ಆ ಜಡ್ಜಿನ ಬಾಯಲ್ಲಿ ಬರುವುದನ್ನು ನೆನೆದರೇ ಮೈ ಉರಿಯಿತು.

"ನಾನು ಇಲ್ಲಿಂದ ಹೊರಗೆ ಬರದೇ ಹೋದ್ರೆ ಇದು ನನ್ನ ಜೊತೆ ಸಾಯಬಾರ್ದು," ಎಂದರು ಟಾಲಿವರ್. "ಯಾವತ್ತಾದ್ರೂ ಈ ಕೋರ್ಟು ಮರ್ಯಾದೆ ಕೊಟ್ಟು ಕೇಳಿದ್ರೆ ಹೇಳಿ. ಅಲ್ಲೀವರೆಗೂ ಬೇಡ."

ಅವರು ಹೊರಗೆ ಬಂದರು, ಇನ್ನೂ ಎಷ್ಟೋ ವರ್ಷ ಓಡಾಡಿದರು. ಆ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ಗೋರಿಯ ಕಲ್ಲಿಗೂ ಮಿಸೆಸ್ ಗ್ರಿಯರ್ ಎರಡೇ ಅಕ್ಷರ ಕೆತ್ತಿಸಿದರು.

ಈಗ ಕೋರ್ಟು ಕೇಳುತ್ತಿದೆ. ಇದು ಮರ್ಯಾದೆಯೋ, ಬರೀ ಖಾಲಿ ಜಾಗ ತುಂಬಿಸುವ ಕೆಲಸವೋ? ಹೇಳಿದರೆ ಮಾತು ತಪ್ಪಿದಂತಾಗುತ್ತದೋ ಎಂಬ ಭಯ. ಹೇಳದೆ ನಾಳೆ ತಾನೇ ಕಣ್ಣು ಮುಚ್ಚಿದರೆ ಹೆಸರೂ ಮಣ್ಣುಪಾಲು ಎಂಬ ಇನ್ನೊಂದು ಭಯ. ಕೊನೆಗೆ ಒಲೆ ಆರಿಸಿ, ಚರ್ಚಿಗೆ ಹಾಕುವ ನೇರಳೆ ಹ್ಯಾಟು ಹಾಕಿಕೊಂಡು ಹೊರಟೇಬಿಟ್ಟರು. ಕೋರ್ಟಿನ ಮುಂಬಾಗಿಲ ಮೆಟ್ಟಿಲು ಹತ್ತುತ್ತ ಮನಸ್ಸು ಗಟ್ಟಿಯಾಯಿತು. ಹಿತ್ತಾಳೆಯಲ್ಲಿ ಕೊರೆಯುತ್ತಾರೆ, ಇನ್ನೆಷ್ಟು ಮರ್ಯಾದೆ ಬೇಕು? ಹೇಳಿಬಿಡೋಣ. ಹೆಸರು ನಾಲಿಗೆಯ ತುದಿಗೇ ಬಂದಿತ್ತು.

ಕೌಂಟರಿನ ಹಿಂದಿದ್ದ ಬಿಳಿ ಹುಡುಗಿ ನಗುತ್ತ ಎದ್ದಳು. "ಯೂಲಾ ತಾನೇ ನೀನು? ಬಾ ಯೂಲಾ, ಕೂತ್ಕೋ. ನಾನು ಟೆಸ್, ಫೋನ್ ಮಾಡಿದ್ನಲ್ಲ." ಓಡಿಹೋಗಿ ಕುರ್ಚಿ ತಂದಳು, ನೀರು ತಂದಳು. ಕೆಟ್ಟವಳೇನಲ್ಲ.

ಮಿಸೆಸ್ ಗ್ರಿಯರ್ ಕೂರಲಿಲ್ಲ. "ಮಿಸೆಸ್ ಗ್ರಿಯರ್," ಎಂದರು.

"ಏನಂದೆ?"

"ನನ್ನ ಹೆಸರು ಕಣಮ್ಮ. ಈ ಕಟ್ಟಡದೊಳಗೆ ನಾನು ಮಿಸೆಸ್ ಗ್ರಿಯರ್."

ಹುಡುಗಿಯ ಮುಖ ಕೆಂಪಾಯಿತು. "ನಾನು ಎಲ್ಲಾರನ್ನೂ ಹಾಗೇ ಕರೆಯೋದು. ನನ್ನನ್ನೂ ಎಲ್ಲಾರೂ ಟೆಸ್ ಅಂತಾನೇ ಅಂತಾರೆ."

"ನಿನ್ನ ಹೆಸರಿಗೋಸ್ಕರ ಯಾರೂ ಒಂಬತ್ತು ದಿನ ಜೈಲಲ್ಲಿ ಕೂತಿಲ್ಲ ಮಗಳೇ. ಅದಕ್ಕೇ ನಿನಗದು ಹಗುರ."

ಹುಡುಗಿ ಕುರ್ಚಿಯನ್ನು ಅವರ ಹತ್ತಿರ ಸರಿಸಿದಳು. ಆಮೇಲೆ ಮೆಲ್ಲಗೆ, "ಮಿಸೆಸ್ ಗ್ರಿಯರ್, ದಯವಿಟ್ಟು ಕೂತ್ಕೊಳ್ಳಿ. ಅವರ ಹೆಸರೇನು ಅಂತ ಹೇಳ್ತೀರಾ?" ಎಂದಳು.

ಮಿಸೆಸ್ ಗ್ರಿಯರ್ ಕೂತರು. ಫಾರಂ ಹತ್ತಿರ ಎಳೆದುಕೊಂಡು, ಮೊದಲ ಹೆಸರು ಎಂದಿದ್ದ ಕಡೆ "ಮಿಸ್ಟರ್" ಎಂದು ಬರೆದರು. ಮುಂದಿನ ಚೌಕದಲ್ಲಿ "ವಿ. ಎಲ್.", ಅದರ ಮುಂದೆ "ಟಾಲಿವರ್".

"ಬೇರೆ ಯಾವ ಫಲಕದಲ್ಲೂ ಮಿಸ್ಟರ್ ಅಂತ ಇಲ್ವಲ್ಲ," ಎಂದಳು ಟೆಸ್.

"ಅವರಿಗೆಲ್ಲಾ ಬದುಕಿದ್ದಾಗ್ಲೇ ಇಲ್ಲಿ ಮಿಸ್ಟರ್ ಅಂತಿದ್ರು. ಇವರಿಗೆ ಯಾರೂ ಅನ್ಲಿಲ್ಲ."

"ಹಾಗಾದ್ರೆ ಹೆಸರು?"

"ನೀನು ಬೇಗ ಕಲಿತೆ. ನೀನು ಮಾತ್ರ ಕೇಳಿದ್ರೆ ಹೇಳ್ಬಹುದಿತ್ತು. ಕೇಳ್ತಿರೋದು ಕೋರ್ಟು. ಅದು ಇನ್ನೊಂದಷ್ಟು ವರ್ಷ ಅಭ್ಯಾಸ ಮಾಡ್ಲಿ."

ಮನೆಗೆ ಬಂದವರೇ ತಮ್ಮ ಬೈಬಲ್ ತೆಗೆದು, ಮನೆಯವರ ಹುಟ್ಟು ಬರೆಯುವ ಹಾಳೆಯಲ್ಲಿ ಆ ಹೆಸರನ್ನು ಪೂರ್ತಿಯಾಗಿ ಬರೆದಿಟ್ಟರು. ಮುಂದೆ ಅವರ ಮೊಮ್ಮಕ್ಕಳು ಓದಿಕೊಳ್ಳುತ್ತಾರೆ. ಇಲ್ಲಿ ಅದನ್ನು ಬರೆಯುವುದಿಲ್ಲ, ಓದುವವರು ಬೇಜಾರು ಮಾಡಿಕೊಳ್ಳಬಾರದು.

ಫಲಕ ತೆರೆದ ದಿನ, ಮಿಸೆಸ್ ಫ್ಯಾಂಬ್ರೋ ಬಾಯಿ ಮುಚ್ಚಿ ಕೂತಿದ್ದ ಅದೇ ಕೋರ್ಟ್ ಹಾಲಿನಲ್ಲಿ ಜನ ಸೇರಿದ್ದರು. ಜಿಲ್ಲಾಡಳಿತದ ಅಧ್ಯಕ್ಷರು, ಅರವತ್ತು ದಾಟಿದ ಬಿಳಿಯರೊಬ್ಬರು, ಕನ್ನಡಕ ಹಾಕಿಕೊಂಡು ದೊಡ್ಡ ದನಿಯಲ್ಲಿ ಓದಿದರು: "ಮಿಸ್ಟರ್ ವಿ. ಎಲ್. ಟಾಲಿವರ್."

ಮೊದಲ ಸಾಲಿನಲ್ಲಿದ್ದ ಮಿಸೆಸ್ ಗ್ರಿಯರ್ ಕೈ ಎತ್ತಿದರು. "ಇನ್ನೊಂದು ಸಲ ಓದ್ತೀರಾ? ನನಗೆ ಕಿವಿ ಸ್ವಲ್ಪ ಮಂದ."

ಅಧ್ಯಕ್ಷರು ಇನ್ನೂ ಗಟ್ಟಿಯಾಗಿ ಓದಿದರು. ಮಿಸೆಸ್ ಗ್ರಿಯರ್ ಅವರ ಕಿವಿಗೆ ಏನೂ ಆಗಿರಲಿಲ್ಲ.